ಕೊಝೊನಾಕ್‌ಗೆ ಎಷ್ಟು ಉಪ್ಪು

ಪ್ರೀತಿಯ ವಿಯೊರಿಕಾ ಆಂಟಿ,

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ನಿಮಗೆ ಪೀಠಿಕೆ ಸೇರುತ್ತಿರಲಿಲ್ಲ. ಕಳೆದ ಶನಿವಾರ ಮೆಲ್ಬರ್ನ್ ಹತ್ತಿರದ ವೆರಿಬೀಯಲ್ಲಿ, ನೀವು ತೀರಿಕೊಂಡು ವರ್ಷವಾದದ್ದಕ್ಕೆ ಪ್ರಾರ್ಥನೆ ನಡೆಯಿತು. ಆಮೇಲೆ ನಿಮ್ಮ ಮಗಳು ಡೋಯ್ನಾಳ ಮನೆಯಲ್ಲಿ, ನಾನು ಸಿಡ್ನಿಯಿಂದ ಮಾಡಿಕೊಂಡು ಹೋಗಿದ್ದ ಎಂಟು ಕೊಝೊನಾಕ್ ಬ್ರೆಡ್ಡು ಹಂಚಿದೆವು. ಒಂದು ಚೂರೂ ಉಳಿಯಲಿಲ್ಲ. ತಟ್ಟೆಗಳನ್ನೆಲ್ಲ ನಾನೇ ತೊಳೆದೆ. ಬೇರೆಯವರು ಸಿಂಕಿನ ಹತ್ತಿರ ಬಂದರೂ ಬಿಡಲಿಲ್ಲ. ಖಾಲಿ ತಟ್ಟೆಗಳನ್ನು ನನ್ನ ಕಣ್ಣಿನಿಂದಲೇ ನೋಡಬೇಕಿತ್ತು. ಯಾಕೆ ಎಂದು ಹೇಳಲಿಕ್ಕೇ ಈ ಪತ್ರ.

ನಿಮಗೆ ಕನ್ನಡ ಬರುವುದಿಲ್ಲ, ಗೊತ್ತು. ನಿಮ್ಮ ರುಮೇನಿಯನ್ ನನಗೆ ಬರುವುದಿಲ್ಲ. ಹನ್ನೆರಡು ವರ್ಷ ಬೇಲಿಯ ಆಚೆ ಈಚೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದೆವು, ಇಬ್ಬರೂ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ನಡೆದ ಹಾಗೆ. ಆ ಭಾಷೆಯಲ್ಲಿ ನಾನು ನಿಮಗೊಂದು ಸುಳ್ಳು ಹೇಳಿದೆ, ವರ್ಷಕ್ಕೆ ಎರಡು ಸಲ ಹೇಳುತ್ತಲೇ ಬಂದೆ. ನಿಜವನ್ನಾದರೂ ನನ್ನ ಭಾಷೆಯಲ್ಲಿ ಹೇಳುತ್ತೇನೆ. ನೀವಿರುವ ಕಡೆ ಭಾಷೆಯ ಪರೀಕ್ಷೆ ಇರಲಾರದು. ಅಲ್ಲಿಯೂ ವೀಸಾ ಆಫೀಸಿನವರು ಕೂತಿದ್ದರೆ ಮಾತ್ರ...

ನೀವು ಮೊದಲ ಸಲ ನಮ್ಮ ಬಾಗಿಲು ತಟ್ಟಿದ ಬೆಳಿಗ್ಗೆ ನಿಮ್ಮ ಕೈಯಲ್ಲಿ ತಿಂಡಿ ಇರಲಿಲ್ಲ, ಒಂದು ಕಾಗದ ಇತ್ತು. ನಮ್ಮ ಬೀದಿಯಿಂದ ಪೆಂಡಲ್ ಹಿಲ್ ಸ್ಟೇಷನ್ನಿಗೆ ಹೋಗುವ ಬಸ್ಸಿನ ಸ್ಟಾಪನ್ನು ಹೇಳದೆ ಕೇಳದೆ ಕಿತ್ತು ಹಾಕಿದ್ದರು. ಬರೀ ಕಂಬದ ಗುಂಡಿ ಉಳಿದಿತ್ತು. "ಸಹಿ ಹಾಕು" ಎಂದಿರಿ. ನಾನು ಕಾಗದ ಓದಿದೆ. ಮೂರು ಸಾಲಿನ ವಿನಂತಿ, ದಯವಿಟ್ಟು ದಯವಿಟ್ಟು ಎಂದು. "ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಕೂತುಕೊಳ್ಳಿ" ಎಂದು ನಿಮ್ಮನ್ನು ಒಳಗೆ ಕರೆದು, ಎರಡು ಪುಟ ಬರೆದೆ. ಸ್ಟಾಪ್ ಯಾವ ವರ್ಷದಿಂದ ಇತ್ತು, ಯಾವ ಯಾವ ಚುನಾವಣೆಯಲ್ಲಿ ಯಾರು ಬಸ್ಸಿನ ಬಗ್ಗೆ ಏನು ಮಾತು ಕೊಟ್ಟಿದ್ದರು, ಎಲ್ಲ. ನೀವು ಕನ್ನಡಕ ಏರಿಸಿಕೊಂಡು ಓದಿ ಹೇಳಿದ್ದು ನನಗೆ ನಿನ್ನೆಯ ಹಾಗಿದೆ. "ನಿನಗೆ ಕೋಪ ಚೆನ್ನಾಗಿ ಬರುತ್ತದೆ, ಫಾತಾ. ಇಂಥ ಕೈ ಹಿಟ್ಟಿಗೆ ಒಳ್ಳೆಯದು." ಫಾತಾ ಎಂದರೆ ನಿಮ್ಮಲ್ಲಿ ಹುಡುಗಿ ಎಂದು ಆಮೇಲೆ ತಿಳಿಯಿತು. ನನಗಾಗ ನಲವತ್ತು ದಾಟಿತ್ತು.

ಸ್ಟಾಪ್ ಮರಳಿ ಬರಲು ವರ್ಷದ ಮೇಲಾಯಿತು. ಅಷ್ಟರಲ್ಲಿ ನಿಮ್ಮ ಈಸ್ಟರ್ ಬಂತು. ಅಂಗಡಿಗಳ ಈಸ್ಟರ್ ಅಲ್ಲ. ಕ್ರಿಸ್‌ಮಸ್ ಮುಗಿದು ವಾರವಾಗುವ ಮೊದಲೇ ಸೂಪರ್‌ಮಾರ್ಕೆಟ್ಟಿನಲ್ಲಿ ಈಸ್ಟರ್ ಬನ್ನು ಪೇರಿಸಿಡುತ್ತಾರಲ್ಲ, ಅದನ್ನು ಕಂಡರೆ ನಿಮಗೂ ನನಗೂ ಒಂದೇ ಅಳತೆಯ ಸಿಟ್ಟು. ನಿಮ್ಮದು ಬೇರೆ ಪಂಚಾಂಗದ, ನಿಧಾನವಾಗಿ ಬರುವ ಹಬ್ಬ. ಆ ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಬಿಸಿ ಬ್ರೆಡ್ಡನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಿರಿ. ಜಡೆ ಹೆಣೆದ ಹಾಗೆ ಮೈ, ಮೇಲೆ ಕಂದು ಹೊಳಪು, ಕಿತ್ತಳೆ ಸಿಪ್ಪೆಯದೋ ಏನೋ ಪರಿಮಳ. "ಕೊಝೊನಾಕ್" ಎಂದಿರಿ, "ಒಂದು ಕಿಲೋ ಹಿಟ್ಟಿಗೆ ಹತ್ತು ಮೊಟ್ಟೆಯ ಹಳದಿ! ಹತ್ತು!"

ಆಗಲೇ ಹೇಳಬೇಕಿತ್ತು. ನಾವು ಮೊಟ್ಟೆ ತಿನ್ನುವುದಿಲ್ಲ ಆಂಟಿ, ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ತಲೆತಲಾಂತರದಿಂದ ತಿಂದವರಿಲ್ಲ ಎಂದು ಒಂದು ಮಾತು. ಬಾಯಿಯವರೆಗೂ ಬಂದಿತ್ತು. ಆದರೆ ನೀವು ನಿಮ್ಮ ಊರಿನಲ್ಲಿ ಮೊಟ್ಟೆಗೂ ಸರದಿ ನಿಲ್ಲಬೇಕಿದ್ದ ಕಾಲದ ಕತೆ ಶುರು ಮಾಡಿದಿರಿ. ನಿಮ್ಮ ತಾಯಿ ಹಬ್ಬಕ್ಕೆ ತಿಂಗಳು ಮೊದಲೇ ಒಂದೊಂದೇ ಮೊಟ್ಟೆ ಉಳಿಸಿ ಹೊಟ್ಟಿನ ಡಬ್ಬಿಯಲ್ಲಿ ಹೂಳಿಡುತ್ತಿದ್ದಳು, ಒಂದು ವರ್ಷ ಹತ್ತರಲ್ಲಿ ಆರೇ ಸಿಕ್ಕವು, ಅಪ್ಪ ಅದನ್ನೇ ತಿಂದು ಹತ್ತು ಇದ್ದ ಹಾಗೆಯೇ ಇದೆ ಎಂದು ಹೊಗಳಿದ... ಅಂಥ ಕತೆಯ ಎದುರಿಗೆ ನಿಂತು "ಬೇಡ" ಎನ್ನುವುದು ಹೇಗೆ? ನೀವೇ ಹೇಳಿ, ಹೇಗೆ? ಮರುದಿನ ಬೇಲಿಯ ಮೇಲಿಂದ "ಹೇಗಿತ್ತು?" ಎಂದಿರಿ. "ತುಂಬಾ ಚೆನ್ನಾಗಿತ್ತು" ಎಂದೆ. ಅಷ್ಟೇ. ಒಂದು ಉಸಿರಿನ ಸುಳ್ಳು.

ನಾನು ಎಂಥವಳು ಎಂದು ನಿಮಗೆ ಗೊತ್ತಿತ್ತಲ್ಲ. ಪೇಪರಿನಲ್ಲಿ ಮಂತ್ರಿಗಳು ಐದು ವರ್ಷದ ಹಿಂದೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆ ನೋಡಿ ಸಂಪಾದಕರಿಗೆ ಪತ್ರ ಬರೆಯುವವಳು. ಲೈಬ್ರರಿಯ ಸಮಯ ಕಡಿಮೆ ಮಾಡಿದಾಗ ಸಭೆಯಲ್ಲಿ ಎದ್ದು ನಿಂತು "ಇದು ಸುಳ್ಳು" ಎಂದವಳು. ನೀವು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದಿರಿ. ಅಂಥವಳ ಬಾಯಲ್ಲಿ ಈಸ್ಟರ್‌ಗೊಂದು, ಕ್ರಿಸ್‌ಮಸ್‌ಗೊಂದು "ಸೂಪರ್ ಆಂಟಿ!"

ಕೊಝೊನಾಕ್ ಎಲ್ಲಿಗೆ ಹೋಗುತ್ತಿತ್ತು ಎಂದು ಹೇಳಿಬಿಡುತ್ತೇನೆ. ಪ್ಯಾರಮಟ್ಟಾಕ್ಕೆ. ನಮ್ಮ ಯಜಮಾನರು ಶಂಕರ ಅದನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಆಫೀಸಿಗೆ ಒಯ್ಯುತ್ತಿದ್ದರು. ಅಲ್ಲಿ ಹತ್ತು ನಿಮಿಷದಲ್ಲಿ ಮಂಗಮಾಯ. ಅವರ ಆಫೀಸಿನ ಜನ ಮಾರ್ಚ್ ತಿಂಗಳಿಂದಲೇ "ನಿಮ್ಮ ಪಕ್ಕದ ಮನೆಯವರಿಗೆ ಈ ಸಲ ಈಸ್ಟರ್ ಯಾವಾಗ?" ಎಂದು ವಿಚಾರಿಸುತ್ತಿದ್ದರಂತೆ. ಪೋಲಾಗಲಿಲ್ಲ ಆಂಟಿ, ಅದೊಂದು ಸಮಾಧಾನ. ಆದರೆ ನಿಮಗೆ ನಾನು ಹೇಳುತ್ತಿದ್ದ ಹೊಗಳಿಕೆಯೆಲ್ಲ ಅವರದು. "ಒಳಗಿನ ಅಕ್ರೋಟದ ಹೂರಣ ಈ ಸಲ ಹದವಾಗಿತ್ತು" ಎಂದು ನಾನು ಹೇಳಿದ್ದು ನೆನಪಿದೆಯೇ? ಅದು ಶಂಕರನ ಮ್ಯಾನೇಜರ್ ಹೇಳಿದ ಮಾತು.

ನಿಮ್ಮ ಬಲ ಭುಜ ಹಿಡಿದುಕೊಂಡ ವರ್ಷ ನಾನು ನಿಮ್ಮ ಅಡುಗೆಮನೆಗೆ ಕೈಯಾಗಿ ಬಂದೆ. ನೀಲಿ ಅಂಚಿನ ಬಿಳಿ ಬೋಗುಣಿ, ಅದರೊಳಗೆ ಹಳದಿ ಹಿಟ್ಟು. "ಚಪಾತಿ ಹಿಟ್ಟಲ್ಲ ಇದು. ಗುದ್ದು! ಆ ಬಸ್ ಸ್ಟಾಪ್ ಕಿತ್ತವನ ಮುಖ ನೆನಸಿಕೊ!" ಎಂದಿರಿ. ಮುಷ್ಟಿಯಿಂದ ಗುದ್ದಿ, ಅಂಚು ಎತ್ತಿ ಮಡಿಸಿ, ಮತ್ತೆ ಗುದ್ದಿ. ಕರಗಿಸಿದ ಬೆಣ್ಣೆಯನ್ನು ಕೊನೆಯಲ್ಲಿ ಅಂಗೈ ಅಂಗೈಯಾಗಿ ಹಾಕಬೇಕು, ಹಿಟ್ಟು ಒಂದನ್ನು ಕುಡಿದ ಮೇಲೆ ಇನ್ನೊಂದು. ಅದನ್ನು ನೋಡಿ ನನಗೆ ನಗು ಬಂತು. ನಮ್ಮವ್ವ ಹೋಳಿಗೆಯ ಕಣಕಕ್ಕೆ ಎಣ್ಣೆ ಬಿಡುತ್ತಿದ್ದದ್ದು ಹೀಗೇ. ಹಿಟ್ಟು ಕೈ ಬಿಟ್ಟು ಬಂದಾಗ ಮುಗಿಯಿತು ಎನ್ನುತ್ತಿದ್ದದ್ದೂ ಹೀಗೇ. ಆಮೇಲೆ ಬೋಗುಣಿಯ ಮೇಲೆ ನಿಮ್ಮ ಹಳೆಯ ಉಣ್ಣೆಯ ಕೋಟು. ರುಮೇನಿಯದಿಂದ ತೊಟ್ಟುಕೊಂಡು ಬಂದದ್ದು, ಸಿಡ್ನಿಯಲ್ಲಿ ನೀವು ಒಂದು ದಿನವೂ ಹಾಕದ್ದು. ಈ ದೇಶದಲ್ಲಿ ಅದನ್ನು ತೊಟ್ಟದ್ದು ಹಿಟ್ಟೊಂದೇ. ಹಿಟ್ಟು ಕೋಟಿನೊಳಗೆ ಮಲಗಿರುವಾಗ ಬಾಗಿಲು ಬಡಿಯಬಾರದು, ಗಟ್ಟಿಯಾಗಿ ಮಾತಾಡಬಾರದು. ನಾವಿಬ್ಬರೂ ಪಿಸುದನಿಯಲ್ಲಿ ಸರ್ಕಾರವನ್ನು ಬೈಯುತ್ತಾ ಕೂರುತ್ತಿದ್ದೆವು.

ಹಿಟ್ಟಿಗೆ ಕೋಟು ಹೊದೆಸುವ ಮುಂಚೆ ಇನ್ನೊಂದು ಕೆಲಸ ಇತ್ತಲ್ಲ. ನೀವು ಒಂದು ಚಿಟಿಕೆ ಹಸಿ ಹಿಟ್ಟು ಕಿತ್ತು ನಾಲಿಗೆಯ ಮೇಲಿಡುತ್ತಿದ್ದಿರಿ. ಇನ್ನೊಂದು ಚಿಟಿಕೆ ನನ್ನ ಕೈಗೆ. "ನೋಡು, ಸರಿ ಇದೆಯಾ?" ನಾನು ಅದನ್ನು ಬಾಯಿಗೆ ಒಯ್ದ ಹಾಗೆ ಮಾಡಿ, ಕಿಟಕಿಯ ಕಡೆ ತಿರುಗಿ, ಏಪ್ರನ್ನಿನ ಕಿಸೆಗೆ ಇಳಿಬಿಟ್ಟು, ತಲೆ ಆಡಿಸುತ್ತಿದ್ದೆ. "ಪರ್ಫೆಕ್ಟ್." ಮನೆಗೆ ಹೋಗಿ ಏಪ್ರನ್ ಒಗೆಯಲು ಹಾಕಿದರೆ ಈಸ್ಟಿನ ಹಿಟ್ಟು ಬಿಸಿನೀರಿಗೆ ಉಬ್ಬಿ ಎಲ್ಲ ಬಟ್ಟೆಗೂ ಮೆತ್ತಿಕೊಳ್ಳುತ್ತಿತ್ತು.

"ಶೈಲಾ, ನನ್ನ ಕರೀ ಪ್ಯಾಂಟಿಗೆ ಇದೇನ ಮೆತ್ತಿಕೊಂಡೈತಿ? ಗೋಂದೇನು?" ಎಂದು ಒಂದು ಸಲ ಶಂಕರ ಕೇಳಿದರು.

"ಆಂಟಿ ಹಿಟ್ಟರೀ."

"ತಿನ್ನೂದಿಲ್ಲ ಅಂದಮ್ಯಾಲೆ ಕಿಸೇದಾಗ ಯಾಕ ತುಂಬಕೊಂಡ ಬರ್ತಿ? ಹೇಳಿಬಿಡ ಆಕೀಗೆ."

"ಏನಂತ ಹೇಳ್ಲಿ?"

"ನಾವ ತತ್ತಿ ತಿನ್ನಂಗಿಲ್ಲ ಅಂತ. ಅದಕ್ಕೇನ ಪಂಚಾಂಗ ನೋಡಬೇಕೇನು?"

ನಾನು ಹಾಕುತ್ತಿದ್ದ ಲೆಕ್ಕ ಇದು: ಈಗ ಹೇಳಿದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಮುಂದಿನ ವರ್ಷ ಹೇಳಿದರೆ ಇನ್ನೊಂದು ವರ್ಷ ಜಾಸ್ತಿಯಾಗುತ್ತದೆ. ಹೀಗೆ.

ನೀವು ಮನೆ ಖಾಲಿ ಮಾಡಿ ವೆರಿಬೀಗೆ, ಡೋಯ್ನಾಳ ಹತ್ತಿರ ಹೊರಟ ದಿನ ಸುರಿದ ಸಾಮಾನುಗಳ ನಡುವೆ ನಿಂತು ನಗುತ್ತಲೇ ಇದ್ದಿರಿ. ಎಂಟು ತಿಂಗಳಾದ ಮೇಲೆ ಫೋನಿನಲ್ಲಿ ನಿಮ್ಮ ದನಿ ಕೇಳಿದಾಗ ಮಾತ್ರ, ನಿಮಗೆ ಹೆಚ್ಚು ದಿನ ಉಳಿದಿಲ್ಲ ಎಂದು ನನಗೆ ಗೊತ್ತಾಯಿತು. "ಫಾತಾ, ಒಂದು ಕೆಲಸ. ನನ್ನ ಪೊಮಾನಾಕ್ಕೆ ಅಂಗಡಿಯದು ತರಿಸಬೇಡಿ. ನೀನು ಮಾಡು." ಪೊಮಾನಾ ಎಂದರೆ ಏನೆಂದು ನೀವು ಹಿಂದೆಯೇ ಹೇಳಿದ್ದಿರಿ, ತೀರಿಕೊಂಡವರ ಹೆಸರಿನಲ್ಲಿ ಬದುಕಿರುವವರಿಗೆ ಕೊಡುವ ಊಟ, ನಲವತ್ತನೇ ದಿನ ಒಮ್ಮೆ, ವರ್ಷಕ್ಕೆ ಒಮ್ಮೆ. ಆ ದಿನ ಇನ್ನೊಂದು ಮಾತು ಸೇರಿಸಿದಿರಿ. "ತಿಂದವರ ಹೊಟ್ಟೆಗೆ ಹೋದದ್ದು ಮಾತ್ರ ನನಗೆ ಮುಟ್ಟುತ್ತದೆ. ತಟ್ಟೆಯಲ್ಲಿ ಉಳಿದದ್ದು ಮುಟ್ಟುವುದಿಲ್ಲ. ನೆನಪಿಟ್ಟುಕೊ." ಇಟ್ಟುಕೊಂಡೆ ಆಂಟಿ. ಅದೇ ನನ್ನನ್ನು ಒಂದು ವರ್ಷ ತಿಂದದ್ದು.

ನೀವು ಹೋದ ಮೇಲೆ ಡೋಯ್ನಾ ನಿಮ್ಮ ಕೋಟನ್ನೂ ಬೋಗುಣಿಯನ್ನೂ ಅಡುಗೆಯ ಪುಸ್ತಕವನ್ನೂ ನನಗೆ ಕಳಿಸಿಕೊಟ್ಟಳು. ಕೊಝೊನಾಕ್‌ನ ಪುಟವನ್ನು ಫೋನಿನಲ್ಲಿ ಒಂದೊಂದೇ ಸಾಲು ಇಂಗ್ಲಿಷ್ ಮಾಡಿ ಹೇಳಿದಳು, ನಾನು ಬರೆದುಕೊಂಡೆ. ಹಿಟ್ಟು, ಹಾಲು, ಹಳದಿ, ಸಕ್ಕರೆ, ಬೆಣ್ಣೆ, ಈಸ್ಟ್, ನಿಂಬೆ ಸಿಪ್ಪೆ, ಅಕ್ರೋಟ, ಕೋಕೋ, ರಮ್ಮು. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವಂತಿಲ್ಲ, ಆದ್ದರಿಂದ ಗರಾಜಿನಲ್ಲಿ ಒಂದು ಪುಟ್ಟ ಓವನ್ ಇಟ್ಟೆ. ಕಾರು ಹೊರಗೆ, ನಿಮ್ಮ ಬೋಗುಣಿ ಒಳಗೆ. ನಲವತ್ತನೇ ದಿನಕ್ಕೆ ಆರು ಮಾಡಿದೆ. ಎಂಥಾ ಉಬ್ಬು ಅಂತೀರಿ! ನಿಮ್ಮವಕ್ಕಿಂತ ನಾಲ್ಕು ಬೆರಳು ಎತ್ತರ. ವಿಮಾನ ನಿಲ್ದಾಣದಲ್ಲಿ ಚೀಲ ಪರೀಕ್ಷೆ ಮಾಡುವವಳು ಒಂದನ್ನು ಬಿಚ್ಚಿಸಿ ನೋಡಿ, "ನೀವೇ ಮಾಡಿದ್ದಾ?" ಎಂದು ಇನ್ನೊಬ್ಬಳನ್ನು ಕರೆದು ತೋರಿಸಿದಳು. ನಾನು ಮೋಡದ ಮೇಲೆ ಕೂತೇ ಮೆಲ್ಬರ್ನ್ ತಲುಪಿದೆ.

ಡೋಯ್ನಾಳ ಮನೆಯ ಹಾಲಿನಲ್ಲಿ ಆ ದಿನ ಎಲ್ಲರೂ "ಬ್ಯೂಟಿಫುಲ್, ವೆರಿ ಬ್ಯೂಟಿಫುಲ್" ಎಂದರು. ನಿಮ್ಮ ಗೆಳತಿ ಎಲೆನಾ ಆಂಟಿ, ಅದೇ, ಕಪ್ಪು ಕೈಚೀಲದವರು, ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಕಡಿತ ಕಡಿದು, ನಿಧಾನವಾಗಿ ನುಂಗಿ, "ಎಷ್ಟು ಎತ್ತರ!" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಉಳಿದದ್ದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಇಳಿಬಿಟ್ಟರು. ಆ ತಿರುಗುವಿಕೆ ನನಗೆ ಗೊತ್ತಿತ್ತು. ಅದು ನನ್ನದು. ಆ ಹೊತ್ತಿನಲ್ಲಿ ನನ್ನ ಕೈಚೀಲದಲ್ಲೂ ಹಾಗೇ ಸುತ್ತಿದ ಒಂದು ತುಂಡಿತ್ತು. ಅಡುಗೆಮನೆಗೆ ಹೋದರೆ ಸಿಂಕಿನ ಪಕ್ಕ ತಟ್ಟೆಗಳ ರಾಶಿ. ಒಂದೊಂದು ಕಡಿತ ಕಾಣೆಯಾದ ತುಂಡುಗಳು.

ವಾಪಸು ಬಂದವಳು ಏನು ಮಾಡಿದೆ ಗೊತ್ತೇ? ಸಿಟ್ಟಿಗೆದ್ದೆ. ಕಂದು ಬಣ್ಣದ ಹೆಂಗಸು ಮಾಡಿದ್ದು ಇವರ ಗಂಟಲಲ್ಲಿ ಇಳಿಯಲಿಲ್ಲ ಎಂದುಕೊಂಡೆ. ಡೋಯ್ನಾಳಿಗೂ ಅವರ ಚರ್ಚಿನ ಫಾದರ್‌ಗೂ ಒಂದು ಇಮೇಲ್ ಬರೆದೆ. 'ನಲವತ್ತನೇ ದಿನದ ಅವಮಾನದ ಕುರಿತು' ಎಂದೇ ವಿಷಯ. ಒಂದೂವರೆ ಪುಟ, ಎಂಟು ಅಂಶ. ಕಳಿಸುವ ಮುಂಚೆ ನಮ್ಮ ಮಗಳು ನಿಧಿಗೆ ಓದಿ ಹೇಳಿದೆ. ಅವಳೀಗ ಹನ್ನೊಂದನೇ ಕ್ಲಾಸು, ಶಾಲೆಯಲ್ಲಿ ಎಲ್ಲ ತಿನ್ನುವವಳು, ಸಣ್ಣವಳಿದ್ದಾಗ ನಿಮ್ಮ ಟೇಬಲ್ಲಿನ ಕೊನೆಯಲ್ಲಿ ಕೂತು ಬಿಸಿ ಕೊಝೊನಾಕ್ ತಿಂದು ಬೆಳೆದವಳು. ನಾನು ಓದುತ್ತಿರುವಾಗಲೇ ಅವಳು ನನ್ನ ಕೈಚೀಲದಿಂದ ಆ ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು.

"ಮಮ್. ಸ್ಟಾಪ್. ದೇರ್ಸ್ ನೋ ಸಾಲ್ಟ್ ಇನ್ ದಿಸ್."

"ಏನು?"

"ನೋ ಸಾಲ್ಟ್. ಇಟ್ಸ್ ಲೈಕ್ ಸ್ವೀಟ್ ಕಾರ್ಡ್‌ಬೋರ್ಡ್."

"ಪುಸ್ತಕದಾಗ ಉಪ್ಪು ಬರದೇ ಇಲ್ಲಲ್ಲ!"

"ಡಿಡ್ ಯು ಟೇಸ್ಟ್ ಇಟ್?"

"ಸತ್ತವರಿಗೆ ಮಾಡಿದ್ದನ್ನ ಮೊದಲ ನಾವ ತಿಂತೀವೇನವಾ?"

ನಿಜಕ್ಕೂ ಅದು ನೆಪವಲ್ಲ ಆಂಟಿ. ನಮ್ಮವ್ವ ಹಬ್ಬದ ಅಡುಗೆ ಮಾಡುವಾಗ ನಾನು ಬೆರಳು ಅದ್ದಿದರೆ ಸೌಟಿನಿಂದಲೇ ಕೊಡುತ್ತಿದ್ದಳು. ದೇವರಿಗೆ, ಹಿರಿಯರಿಗೆ ಎಡೆ ಹಿಡಿಯುವ ತನಕ ರುಚಿ ನೋಡುವಂತಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ ಅವಳ ಕೈಗೇ ಗೊತ್ತಿತ್ತು. ನಿಮ್ಮ ಹೆಸರಿನದು ಎಂದ ಮೇಲೆ ಅದೂ ಎಡೆಯೇ ಅಲ್ಲವೇ? ಆದರೆ ಅವ್ವ ಮಾಡಿದ್ದು ಅವಳು ಹುಟ್ಟಿದಾಗಿನಿಂದ ತಿಂದ ಅಡುಗೆ. ನಾನು ಮಾಡಿದ್ದು... ನಿಧಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಓ ಮೈ ಗಾಡ್. ಯು ನೆವರ್ ಡಿಡ್. ಆಂಟಿ ಮನೆಯಲ್ಲೂ? ನಾಟ್ ಈವನ್ ಒನ್ಸ್?"

"ಇಲ್ಲ."

"ಬಟ್ ಶೀ ಆಲ್ವೇಸ್ ಪುಟ್ ಸಾಲ್ಟ್! ಬ್ಲೂ ಲಿಡ್ ಇರೋ ಜಾರ್. ಶೀ ಟೇಸ್ಟ್ಸ್, ದೆನ್ ಸಾಲ್ಟ್, ದೆನ್ ದ ಕೋಟ್. ಎವರಿ ಸಿಂಗಲ್ ಟೈಮ್. ಹೌ ಡಿಡ್ ಯು ನಾಟ್ ಸೀ?"

ಹೇಗೆ ನೋಡಲಿಲ್ಲ? ಆಗ ನಾನು ಕಿಟಕಿಯ ಕಡೆ ತಿರುಗಿರುತ್ತಿದ್ದೆ. ನೀವು ಹಿಟ್ಟಿಗೆ ಉಪ್ಪು ಹಾಕುತ್ತಿದ್ದ ಕ್ಷಣ ಮತ್ತು ನಾನು ಹಿಟ್ಟನ್ನು ಕಿಸೆಗೆ ಇಳಿಬಿಡುತ್ತಿದ್ದ ಕ್ಷಣ ಒಂದೇ. ಅಷ್ಟು ವರ್ಷ ನಿಮ್ಮ ಬೋಗುಣಿಯ ಮುಂದೆಯೇ ನಿಂತಿದ್ದೆ, ಎಲ್ಲ ನೋಡಿದೆ, ಅದೊಂದನ್ನು ಬಿಟ್ಟು. ನಿಮಗೂ ಅದನ್ನು ಬರೆದಿಡುವ ಅಗತ್ಯ ಕಾಣಲಿಲ್ಲ, ನಾಲಿಗೆ ಇದ್ದವರಿಗೆ ಯಾಕೆ ಬರೆಯಬೇಕು? ಉಪ್ಪಿಲ್ಲದ ಹಿಟ್ಟು ಕಡಿವಾಣವಿಲ್ಲದೆ ಉಬ್ಬುತ್ತದೆ ಎಂದು ಆಮೇಲೆ ಓದಿ ತಿಳಿದೆ. ನನ್ನ ಆ ಎತ್ತರ, ಆ ಹೆಮ್ಮೆ, ಎಲ್ಲ ಅದೇ. ಇಮೇಲ್ ಕಳಿಸಲಿಲ್ಲ. ಅಳಿಸಿಯೂ ಇಲ್ಲ. ಇರಲಿ, ನನ್ನ ಮೇಲೆ ನನ್ನ ಹತ್ತಿರವೇ ಒಂದು ದೂರಿನ ಪ್ರತಿ.

ಒಂದು ವರ್ಷ ನಾನು ಒಂದೇ ಮಾತು ಯೋಚಿಸಿದೆ. ನಲವತ್ತನೇ ದಿನ ನಿಮಗೆ ಏನೂ ಮುಟ್ಟಲಿಲ್ಲ. ನೀವು ಕಾದು ಕೂತಿದ್ದಿರೋ ಏನೋ, ಒಂದೊಂದು ಕಡಿತ ಬಂತು, ಆಮೇಲೆ ಎಲ್ಲ ಕೈಚೀಲಗಳಿಗೆ. ನಾನು ಇದನ್ನು ನಂಬುತ್ತೇನೆಯೇ? ಹಗಲು ಹೊತ್ತು ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೂ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗಲೆಲ್ಲ...

ಈ ಸೆಪ್ಟೆಂಬರಿನಲ್ಲಿ ಗರಾಜಿನ ಬಾಗಿಲು ಮುಚ್ಚಿ ಮತ್ತೆ ಗುದ್ದತೊಡಗಿದಾಗ ನಿಧಿ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ಹೋಮ್‌ವರ್ಕ್ ತೊಡೆಯ ಮೇಲೆ. ನಾನು ಹಿಟ್ಟಿನ ಚಿಟಿಕೆ ಅವಳ ನಾಲಿಗೆಗೆ ಇಡುವುದು, ಅವಳು ಕಣ್ಣು ಮುಚ್ಚುವುದು. "ಮೋರ್." ಇನ್ನರ್ಧ ಚಮಚ. "ಮೋರ್." ಇನ್ನು ಕಾಲು. ಆಮೇಲೆ ಕಣ್ಣು ತೆರೆದು, "ದಟ್ಸ್ ಹರ್" ಎಂದಳು. ಅವಳಿಗೆ ನಿಮ್ಮ ರುಚಿ ನೆನಪಿದೆ ಆಂಟಿ. ನನಗೆ ನಿಮ್ಮ ಮಾತೆಲ್ಲ ನೆನಪಿದೆ, ಯಾವ ದಿನ ಯಾವ ಬಣ್ಣದ ಸ್ವೆಟರ್ ಹಾಕಿದ್ದಿರಿ ಎಂಬುದೂ. ಅದೊಂದು ಮಾತ್ರ ಅವಳ ಹತ್ತಿರ ಇತ್ತು. ಕೋಟು ಹೊದೆಸಿದೆ. ಈ ಸಲ ಉಬ್ಬು ಅಷ್ಟಕ್ಕಷ್ಟೆ, ನಿಮ್ಮದರಷ್ಟೇ.

ಕಾರಿನ ಹಿಂದಿನ ಸೀಟಿನಲ್ಲಿ ಕೊಝೊನಾಕ್‌ಗಳಿಗೆ ಸೀಟ್‌ಬೆಲ್ಟ್ ಹಾಕಿ, ಮೇಲೆ ಕೋಟು ಹೊದೆಸಿ, ಹತ್ತು ಗಂಟೆಯ ದಾರಿ ಹೊರಟೆವು. ಶಂಕರ ಹಳ್ಳ ಬಂದಲ್ಲೆಲ್ಲ ನಿಧಾನ ಮಾಡುತ್ತಿದ್ದರು. "ಬಸುರೀ ಹೆಣಮಗಳನ್ನ ತವರಿಗೆ ಒಯ್ಯುವಾಗೂ ಇಷ್ಟ ಹುಷಾರ್ಲೆ ಗಾಡಿ ಹೊಡದಿದ್ದಿಲ್ಲ ನಾ" ಎಂದರು. ನಾನು ನಗಲಿಲ್ಲ. ಆಲ್ಬರಿ ಊರು ದಾಟುವವರೆಗೂ ಹಿಂದೆ ತಿರುಗಿ ತಿರುಗಿ ಕೋಟು ಸರಿಮಾಡುತ್ತಲೇ ಇದ್ದೆ.

ಡೋಯ್ನಾಳ ಹಾಲಿನಲ್ಲಿ ಅವೇ ಜನ, ಅವೇ ಕುರ್ಚಿ. ಎಲೆನಾ ಆಂಟಿ ತುಂಡನ್ನು ಬೆಳಕಿಗೆ ಹಿಡಿದರು. ಕಡಿದರು. ಇನ್ನೊಮ್ಮೆ ಕಡಿದರು. ಕೈಚೀಲದ ಕಡೆ ಕೈ ಹೋಗಲಿಲ್ಲ. ಬೆರಳಿಗೆ ಅಂಟಿದ ಹೂರಣವನ್ನೂ ಬಿಡದೆ ಮುಗಿಸಿ, ತಟ್ಟೆ ಮುಂದೆ ಚಾಚಿದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಯೇಬಿಟ್ಟೆ:

"ಎಲೆನಾ ಆಂಟಿ, ಹೋದ ಸಲದ್ದು ಹೇಗಿತ್ತು? ನಿಜ ಹೇಳಿ."

ಅವರು ಡೋಯ್ನಾಳ ಮುಖ ನೋಡಿದರು. "ಬ್ಯೂಟಿಫುಲ್. ತುಂಬಾ ಎತ್ತರ."

"ನಿಜ, ಆಂಟಿ."

"ನನ್ನ ನಾಯಿಗೆ ಹಾಕಿದೆ" ಎಂದರು, ತಗ್ಗಿದ ದನಿಯಲ್ಲಿ. "ಅದೂ ಯೋಚನೆ ಮಾಡಿತು."

ಮೊದಲು ನಕ್ಕದ್ದು ಡೋಯ್ನಾ. ಆಮೇಲೆ ಎಲ್ಲರೂ, ಒಂದು ವರ್ಷ ಹಿಡಿದಿಟ್ಟದ್ದನ್ನು ಬಿಟ್ಟವರ ಹಾಗೆ. ಆ ನಗುವಿನ ನಡುವೆಯೇ ನನ್ನ ಬಾಯಿ ತೆರೆಯಿತು. "ಡೋಯ್ನಾ, ನಾನು ನಿಮ್ಮಮ್ಮನ ಕೊಝೊನಾಕ್ ತಿಂದಿಲ್ಲ. ನಾವು ಮೊಟ್ಟೆ ತಿನ್ನುವುದಿಲ್ಲ."

ಡೋಯ್ನಾ ಚಾಕು ಕೆಳಗಿಟ್ಟಳು. "ಯಾವಾಗಿನದು?"

"ಯಾವಾಗಿನದೂ."

"ಒಂದೂ?"

"ಒಂದೂ ಇಲ್ಲ. ಶಂಕರನ ಆಫೀಸಿಗೆ ಹೋಗುತ್ತಿದ್ದವು."

"ಆಫೀಸಿಗೆ!" ಎಂದಳು. "ನನಗೆ ಅಮ್ಮ ಪೋಸ್ಟಿನಲ್ಲಿ ಕಳಿಸುತ್ತಿದ್ದಳು. ಇಲ್ಲಿಗೆ ಬರುವಷ್ಟರಲ್ಲಿ ಒಣಗಿ ಇಟ್ಟಿಗೆ. ಬಿಸಿಬಿಸಿಯದು ಪಕ್ಕದ ಮನೆಗೆ, ಪಕ್ಕದ ಮನೆಯಿಂದ ಆಫೀಸಿಗೆ!" ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಬರಬೇಕಾದದ್ದೇ. ಚಾಕು ಮತ್ತೆ ಎತ್ತಿಕೊಂಡು ಇನ್ನೊಂದು ತುಂಡು ಕೊಯ್ಯುತ್ತಾ ಅವಳೇ ಹೇಳಿದಳು, "ಅಮ್ಮ ಇದ್ದಿದ್ದರೆ ನಿಮ್ಮ ಜೊತೆ ಒಂದು ವಾರ ಮಾತು ಬಿಡುತ್ತಿದ್ದಳು."

"ಒಂದೇ ವಾರವಾ?"

"ಎಂಟನೇ ದಿನ ಹಿಟ್ಟು ನಾದಲು ಕೈ ಬೇಕಲ್ಲ."

ಒಂದು ವಾರ ಆಂಟಿ! ನಿಮ್ಮ ಒಂದು ವಾರದ ಮೌನಕ್ಕೆ ಹೆದರಿ ನಾನು ಅಷ್ಟು ವರ್ಷ ಕಿಟಕಿಯ ಕಡೆ ತಿರುಗಿದೆನೇ? ಡೋಯ್ನಾ ಒಳಗೆ ಹೋಗಿ ಒಂದು ಬಟ್ಟಲು ತಂದಳು. ಬೇಯಿಸಿದ ಗೋಧಿ, ಸಕ್ಕರೆ, ಅಕ್ರೋಟ. ನಿಮ್ಮವರು ಸತ್ತವರ ಹೆಸರಿನಲ್ಲಿ ಮಾಡುವ ಇನ್ನೊಂದು ತಿನಿಸು. "ಇದರಲ್ಲಿ ಮೊಟ್ಟೆ ಇಲ್ಲ. ಇದನ್ನು ತಿನ್ನಿ, ಇದೂ ಅಮ್ಮನಿಗೆ ಮುಟ್ಟುತ್ತದೆ" ಎಂದು ಹಚ್ಚಿದ ಮೇಣದ ಬತ್ತಿಯ ಜೊತೆ ನನ್ನ ಕೈಗಿಟ್ಟಳು. ನೀವು ಕಲಿಸಿದ ಹಾಗೆ "ಬೊಗ್ದಾಪ್ರೊಸ್ತೆ" ಎಂದೆ, ತೀರಿಕೊಂಡವರನ್ನು ದೇವರು ಮನ್ನಿಸಲಿ ಎಂದು. ಬಾಯಿಗೆ ಹಾಕಿಕೊಂಡರೆ, ನಮ್ಮವ್ವನ ಗೋಧಿ ಹುಗ್ಗಿ! ಬೆಲ್ಲದ ಬದಲು ಸಕ್ಕರೆ, ಅಷ್ಟೇ. ಬಟ್ಟಲು ಬಳಿದು ತಿಂದೆ. ನನ್ನ ಕಡೆಯಿಂದ ನಿಮಗೆ ಮೊದಲ ಸಲ ಏನಾದರೂ ಮುಟ್ಟಿದ್ದರೆ ಅದು ಆ ಬಟ್ಟಲು.

ಮನೆಗೆ ಬಂದು ಕೋಟನ್ನು ಬಿಸಿಲಿಗೆ ಹಾಕಿದೆ. ಪುಸ್ತಕದ ಆ ಪುಟ ತೆಗೆದು, ನಿಮ್ಮ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದೆ: ಉಪ್ಪು, ಕಿಲೋ ಹಿಟ್ಟಿಗೆ ಎರಡು ಚಮಚ, ಕೋಟು ಹೊದೆಸುವ ಮುಂಚೆ. ರುಚಿ ನೋಡಿದ್ದು: ನಿಧಿ. ನಿಮ್ಮ ಪುಸ್ತಕದಲ್ಲಿ ಕೈ ಹಾಕಿದ್ದಕ್ಕೆ ಬೇಕಾದರೆ ಇನ್ನೊಂದು ವಾರ ಮಾತು ಬಿಡಿ.

ಬರುವ ಈಸ್ಟರ್‌ಗೆ ಮತ್ತೆ ಮಾಡುತ್ತೇನೆ. ಡೋಯ್ನಾಳಿಗೆ ಪೋಸ್ಟಿನಲ್ಲಿ ಕಳಿಸುವುದಿಲ್ಲ, ಬಿಸಿ ಆರುವ ಮೊದಲೇ ವಿಮಾನದಲ್ಲಿ ಒಯ್ಯುತ್ತೇನೆ, ಇದು ಮಾತು. ಎಲೆನಾ ಆಂಟಿಯ ನಾಯಿಗೆ ಏನೂ ಸಿಗುವುದಿಲ್ಲ. ನೀವು ಎಲ್ಲಿದ್ದರೂ ಬೇಲಿಯ ಮೇಲೆ ಮೊಣಕೈ ಊರಿ ಕೇಳುತ್ತೀರಿ, ನನಗೆ ಗೊತ್ತು: "ಹೇಗಿತ್ತು, ಫಾತಾ?"

ಎಲ್ಲರೂ ಚೆನ್ನಾಗಿತ್ತು ಅಂದರು ಆಂಟಿ. ನನಗೆ ಗೊತ್ತಿಲ್ಲ. ನಾನು ತಿಂದಿಲ್ಲ.

ನಿಮ್ಮ ಪಕ್ಕದ ಮನೆಯ
ಶೈಲಾ